ಮರಿಲಮ್ಮನ ಸಿನಿಮಾ, ಮಂಗಳಮ್ಮನ ಕನ್ನಡ

ನಾನೊಂದು ಮೈಕು. ಬಾಲದಂತೆ ತಂತಿ ಎಳೆದುಕೊಂಡು ಓಡಾಡುವ, ಕೈಯಲ್ಲಿ ಹಿಡಿದು ಮಾತಾಡುವ ಹಳೆಯ ಕಾಲದ ಮೈಕು. ನನಗೆ ಕಣ್ಣಿಲ್ಲ. ನಾನು ಹೇಳುವುದೆಲ್ಲ ಕೇಳಿ ತಿಳಿದದ್ದು, ಇಲ್ಲವೇ ನನ್ನನ್ನು ಹಿಡಿದ ಕೈಯ ಬಿಗಿಯಿಂದ, ಬೆವರಿನಿಂದ ತಿಳಿದದ್ದು.

ಉತ್ತರದ ಕಡೆಯ ಒಂದು ಊರಿನಲ್ಲಿ, ಮಹಡಿ ಮೇಲಿನ ಸಣ್ಣ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಉದ್ದನೆಯ ಬೆಂಚಿನ ಎರಡೂ ಬದಿಗೆ ಹೆಂಗಸರು ಕೂತು ಕೂದಲಿಗಿಂತ ಸಣ್ಣನೆಯ ತಾಮ್ರದ ತಂತಿ ಸುತ್ತುತ್ತ, ಮನೆ ಸುದ್ದಿ ಮಾತಾಡುತ್ತ ಕೆಲಸ ಮಾಡುತ್ತಿದ್ದರು. ನನ್ನೊಳಗೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಒಂದು ಪೊರೆ ಇದೆ. ಅದೇ ನನ್ನ ಕಿವಿ. ಅದನ್ನು ಅಂಟಿಸಿದ ಹೆಂಗಸು ತುಟಿ ಹತ್ತಿರ ತಂದು "ಹೂಂ" ಎಂದು ಒಮ್ಮೆ ಗುನುಗಿದಳು. ಪಕ್ಕದ ಡಬ್ಬಿಯೊಳಗಿಂದ ಆ "ಹೂಂ" ಹತ್ತರಷ್ಟು ದೊಡ್ಡದಾಗಿ ಹೊರಬಿತ್ತು. ಅವಳು ತೃಪ್ತಿಯಿಂದ ನನ್ನನ್ನು ಮುಂದಿನವಳ ಕೈಗೆ ದಾಟಿಸಿದಳು.

ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ ಬಂದೆ. ಮಂಡಿ ಮೊಹಲ್ಲಾದ ಇನಾಯತ್ ಸಾಬರು ಮದುವೆ, ಸಭೆ, ಸಮಾರಂಭಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಬೇರೆಯವರ ಮೈಕಿನ ಜತೆ ಅದಲುಬದಲಾಗಬಾರದೆಂದು ಅವರು ನನ್ನ ಕುತ್ತಿಗೆಗೆ ಕೆಂಪು ಟೇಪು ಸುತ್ತಿದರು. ಮುಂದಿನ ಇಪ್ಪತ್ತು ವರ್ಷ ನಾನು ಕೇಳದ ಮಾತಿಲ್ಲ. "ಎರಡನೇ ಪಂಕ್ತಿಯವರು ದಯವಿಟ್ಟು ಊಟಕ್ಕೆ ಏಳಬೇಕು" ಎಂದದ್ದು ಎಷ್ಟು ಸಾವಿರ ಸಲವೋ. ಗೆದ್ದವರ ಭಾಷಣ, ಸೋತವರ ಭಾಷಣ, ಕಬಡ್ಡಿಯ ವೀಕ್ಷಕ ವಿವರಣೆ, ಕಳೆದುಹೋದ ಮಗುವಿನ ಅಂಗಿಯ ಬಣ್ಣ. ಮಾತಿಗಿಂತ ಮೊದಲು ಮನುಷ್ಯರ ಉಸಿರು ಬಂದು ನನ್ನ ಪೊರೆಯನ್ನು ತಾಗುತ್ತದೆ. ಎದುರಿಗೆ ಕೂತವರಿಗೆ ಅದು ಕೇಳಿಸುವುದಿಲ್ಲ. ಬಾಯಿಪಾಠ ಒಪ್ಪಿಸುವವರ ಉಸಿರು ಒಂದೇ ಹದದಲ್ಲಿರುತ್ತದೆ. ಮನಸ್ಸಿನಲ್ಲಿರುವುದನ್ನು ಹೇಳಲೋ ಬೇಡವೋ ಎಂದು ತೂಗುವವರದು ಅರ್ಧಕ್ಕೆ ನಿಂತು ಮುಂದೆ ಹೋಗುತ್ತದೆ.

ತಂತಿಯಿಲ್ಲದ ಮೈಕುಗಳು ಬಂದ ಮೇಲೆ ನನ್ನನ್ನು ಕೇಳುವವರಿರಲಿಲ್ಲ. ಇನಾಯತ್ ಸಾಬರು ಒಂದು ದಿನ ನನ್ನನ್ನೂ ಒಂದು ಹಳೆಯ ಸ್ಪೀಕರ್ ಡಬ್ಬಿಯನ್ನೂ ಗೋಕುಲಂ ಬಡಾವಣೆಯ ಒಂದು ನಿವಾಸಿಗಳ ಸಂಘಕ್ಕೆ ಕೊಟ್ಟುಬಿಟ್ಟರು. "ಸ್ವಲ್ಪ ನೋಡ್ಕೊಂಡು ಇಟ್ಕೊಳ್ಳಿ ಸಾರ್, ತುಂಬಾ ಒಳ್ಳೆ ಪೀಸು" ಎಂದು ಹೇಳಿ ಹೋದರು. ಹೆಣ್ಣು ಕೊಟ್ಟವರ ಧಾಟಿಯಲ್ಲಿತ್ತು ಆ ಮಾತು.

ಗೋಕುಲಂ ಎಂದರೆ ಯೋಗ ಕಲಿಯಲು ದೇಶದೇಶಗಳಿಂದ ಜನ ಬಂದಿಳಿಯುವ ಜಾಗ. ಸಂಘದ ಸಭಾಭವನದ ಎದುರು ಮನೆಯ ಸರ್ವಮಂಗಳಮ್ಮ, ಎಲ್ಲರ ಬಾಯಲ್ಲಿ ಮಂಗಳಮ್ಮ, ಬೆಳಗಿನ ಯೋಗ ಮುಗಿಸಿ ಬರುವವರಿಗೆ ತಮ್ಮ ಮನೆಯ ಹಜಾರದಲ್ಲೇ ತಿಂಡಿ ಬಡಿಸುತ್ತಿದ್ದರು. ಅವರಲ್ಲಿ ಬ್ರೆಜಿಲಿನವರು ಜಾಸ್ತಿ. ಆ ಗುಂಪಿಗೆ ಹಿರಿಯರು ಮರಿಲ್ಡಾ ಎಂಬವರು. ಮೂರು ತಿಂಗಳಿಗೆಂದು ಬಂದವರು ಹದಿನಾರು ವರ್ಷದಿಂದ ವರ್ಷದ ಬಹುಭಾಗ ಇಲ್ಲೇ ಇದ್ದರು. ವೀಸಾಕ್ಕೆಂದು ನೇಪಾಳಕ್ಕೋ ಶ್ರೀಲಂಕಾಕ್ಕೋ ಹೋಗಿ ಬರುತ್ತಿದ್ದರೇ ಹೊರತು ತಮ್ಮೂರಿನ ದಾರಿ ಹಿಡಿದದ್ದು ಕಡಿಮೆ. ಬೀದಿಯವರು ಅವರನ್ನು ಮರಿಲಮ್ಮ ಮಾಡಿಕೊಂಡಿದ್ದರು.

ಈ ಮರಿಲಮ್ಮನಿಗೆ ಒಂದು ಆಸೆ. ತಮ್ಮ ದೇಶದ ಸಿನಿಮಾಗಳನ್ನು ಈ ಬೀದಿಯವರಿಗೆ ತೋರಿಸಬೇಕು. ಊರೂರಿನಲ್ಲಿದ್ದ ಬ್ರೆಜಿಲಿನವರಿಂದ ಸಿನಿಮಾ ತರಿಸಿ, ನಮ್ಮ ಭವನದಲ್ಲೇ ಜನವರಿ ಕೊನೆಯಲ್ಲಿ ಮೂರು ದಿನದ ಬ್ರೆಜಿಲ್ ಸಿನಿಮಾ ಹಬ್ಬ ಶುರು ಮಾಡಿದರು. ಮೊದಲ ಎರಡು ವರ್ಷ ಅವರವರೇ ಕೂತು ನೋಡಿದರು. ಬೀದಿಯವರು ಬಾಗಿಲಲ್ಲಿ ಕೊಡುತ್ತಿದ್ದ ಚೀಸಿನ ಬಿಸಿ ಬನ್ನು ತಿಂದು, "ಚೆನ್ನಾಗದೆ" ಎಂದು ಹೇಳಿ ಮನೆಗೆ ಹೋದರು.

ಮೂರನೆಯ ವರ್ಷ ಹಬ್ಬಕ್ಕೆ ಮುಂಚೆ, ನನ್ನನ್ನು ಒರೆಸಿ ಪರೀಕ್ಷೆ ಮಾಡುತ್ತಿದ್ದಾಗ, ಮೂಲೆಮನೆಯ ಪುಟ್ಟಗೌರಮ್ಮಜ್ಜಿಯನ್ನು ಮರಿಲಮ್ಮ ಕೇಳಿಯೇಬಿಟ್ಟರು. "ಅಜ್ಜಿ, ನೀನು ಯಾಕೆ ಒಳಗೆ ಬರೋದಿಲ್ಲ?"

"ಬಂದು ಏನ್ ಮಾಡ್ಲವ್ವ? ಅವ್ರು ಆಡೋದು ನಿಮ್ ಭಾಸೆ, ಕೆಳಗೆ ಓಡೋದು ಇಂಗ್ಲಿಸು. ನಾ ಕನ್ನಡಕ ಮೂಗಿಗೇರಿಸೋಷ್ಟ್ರಲ್ಲಿ ಅದು ಓಡೋಗಿರ್ತದೆ."

ಮರಿಲಮ್ಮ ನನ್ನನ್ನು ಪಕ್ಕದವರ ಕೈಗೆ ಕೊಟ್ಟರು. ಒರಟಾದ, ಬಿಸಿಯಾದ ಕೈ. ಕಾವಲಿಯ ಮುಂದೆ ನಿಂತು ನಿಂತು ಹದಗೊಂಡ ಕೈ.

"ಮಂಗಳ, ನೀನು ಹೇಳು ಕನ್ನಡದಲ್ಲಿ."

"ನಾನಾ!" ಮಂಗಳಮ್ಮನ ಉದ್ಗಾರ ಭವನದ ತುಂಬ ಮೊಳಗಿತು. ಅವರು ಬೆಚ್ಚಿ ನನ್ನನ್ನು ದೂರ ಹಿಡಿದರು. "ನಾನು ಓದಿರೋದು ಏಳನೇ ಕ್ಲಾಸು ಮರಿಲಮ್ಮ. ನಿಮ್ಮ ಭಾಷೇಲಿ ನಂಗೆ ಬರೋದು ಉಪ್ಪು, ನೀರು, ಇನ್ನೊಂದು ಚೂರು, ಸಾಕು. ಅಷ್ಟರಲ್ಲಿ ಸಿನಿಮಾ ಹೇಳಕ್ಕಾಗತ್ತಾ?"

"ಸಿನಿಮಾದಲ್ಲೂ ಜನ ಅದನ್ನೇ ಮಾತಾಡ್ತಾರೆ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಮಂಗಳಮ್ಮ ತಮಗೆ ಬರುವ ಪೋರ್ಚುಗೀಸನ್ನು, ಅಂದರೆ ಬ್ರೆಜಿಲಿನವರ ಭಾಷೆಯನ್ನು, ಕಡಿಮೆ ಮಾಡಿ ಹೇಳಿದ್ದರು ಎಂದು ಮೊದಲ ದಿನವೇ ಗೊತ್ತಾಯಿತು. ಹದಿನಾರು ವರ್ಷ ದಿನಾ ಬೆಳಿಗ್ಗೆ ಕಿವಿಗೆ ಬಿದ್ದ ಭಾಷೆ ಅದು. ಮದುವೆಯ ಕೇಕನ್ನು ಬಸ್ಸಿನಲ್ಲಿ ಇನ್ನೂರು ಮೈಲಿ ಸಾಗಿಸುವ ಒಬ್ಬ ಡ್ರೈವರನ ತಮಾಷೆಯ ಸಿನಿಮಾ ಅವತ್ತು. ತಿಳಿಯದ ಕಡೆ ಮರಿಲಮ್ಮ ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಮಂಗಳಮ್ಮ ಒಂದೊಂದು ಕಡೆ ತಮ್ಮದೂ ಸೇರಿಸಿ, "ಈ ಯಪ್ಪಂಗೆ ಬುದ್ಧಿ ಇಲ್ಲ, ಕೇಕ್ ಮೇಲೇನೇ ಕೂತ್ಕೊಳ್ತಾನೆ ನೋಡಿ ಈಗ" ಎಂದುಬಿಡುತ್ತಿದ್ದರು. ನಗು ಎದ್ದಿತು. ಬ್ರೆಜಿಲಿನವರು ಒಂದು ಸಲ ನಕ್ಕರೆ, ಅವರ ನಗು ಮುಗಿಯುವ ಹೊತ್ತಿಗೆ ಬೀದಿಯವರ ನಗು ಶುರುವಾಗುತ್ತಿತ್ತು. ಎರಡನೆಯ ದಿನ ಪಕ್ಕದ ಬೀದಿಯವರೂ ಬಂದರು. ಸಂಘದ ಕಾರ್ಯದರ್ಶಿ ಕುರ್ಚಿ ಸಾಲದೆ ಜಮಖಾನ ಹಾಸಿಸಿದರು.

ಮೂರನೆಯ ದಿನ ಭಾನುವಾರ. ಮಧ್ಯಾಹ್ನ ಊಟ ಮುಗಿಸಿಕೊಂಡು ಜನ ಬಂದು ಕೂತಿದ್ದರು. ಅವತ್ತಿನ ಸಿನಿಮಾ ಮರಿಲಮ್ಮನ ತಮ್ಮ ಅದಾವ್ತು ಮಾಡಿದ್ದು. ಅವರು ದೊಡ್ಡ ನಿರ್ದೇಶಕರಲ್ಲ, ನದಿ ದಂಡೆಯ ಒಂದು ಸಣ್ಣ ಊರಿನ ಶಾಲೆಯ ಮೇಷ್ಟ್ರು. ಅಕ್ಕ ಹಬ್ಬ ನಡೆಸುತ್ತಾಳೆಂದು ಯಾರಿಂದಲೋ ತಿಳಿದು ತಾವೇ ಕಳಿಸಿದ್ದರಂತೆ. ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ. "ಇದರಲ್ಲೇನಿದೆ ಅಂತ ನನ್ನ ಅಕ್ಕನಿಗೆ ಗೊತ್ತು" ಎಂದಷ್ಟೇ ಬರೆದಿದ್ದರಂತೆ.

"ನೀವು ಮೊದಲೇ ನೋಡಿದೀರಾ?" ಮಂಗಳಮ್ಮ ಮೆಲ್ಲಗೆ ಕೇಳಿದರು.

"ಇಲ್ಲ."

"ಯಾಕೆ?"

"ಒಬ್ಬಳೇ ನೋಡಕ್ಕೆ ಭಯ ಆಯ್ತು."

ಸಿನಿಮಾ ಶುರುವಾಯಿತು. ಮೊದಲು ಕೇಳಿಸಿದ್ದು ಏನನ್ನೋ ತುರಿಯುವ ಸದ್ದು, ಅದರ ಹಿಂದೆ ಹೆಂಗಸರ ಹಾಡು. "ಅಲ್ನೋಡಿ, ಮರಗೆಣಸು!" ಮಂಗಳಮ್ಮನಿಗೆ ಖುಷಿಯಾಯಿತು. "ನಮ್ಮ ಕಡೇದೇ ಮರಗೆಣಸು. ಸಿಪ್ಪೆ ತೆಗೆದು, ತುರಿದು, ಹಿಂಡಿ, ಆ ಅಷ್ಟಗಲ ಹೆಂಚಿನ ಮೇಲೆ ಹುರೀತಾರೆ. ಅದೇ ಹಿಟ್ಟು ಅವರಿಗೆ ಊಟಕ್ಕೆ, ನಮಗೆ ರಾಗಿ ಇದ್ದಂಗೆ. ಊರಿನ ಹೆಂಗಸರೆಲ್ಲ ಸೇರೋ ಹಿಟ್ಟಿನ ಮನೆ ಇದು."

ಆಗ ಒಬ್ಬ ಮುದುಕಿಯ ದನಿ ಬಂತು. ಒಡೆದ, ಗಟ್ಟಿಯಾದ, ಯಾರನ್ನೋ ಗದರುವ ದನಿ. ನನ್ನ ಪಕ್ಕದಲ್ಲಿ ಮರಿಲಮ್ಮನ ಪಿಸುಮಾತು ಥಟ್ಟನೆ ನಿಂತಿತು. ಮಂಗಳಮ್ಮ ಮಾತ್ರ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

"ಅಯ್ಯೋ, ಇವರು ನಮ್ಮ ಮರಿಲಮ್ಮನ ತಾಯಿ! ನಂಗೆ ಇವರ ದನಿ ಗೊತ್ತು, ಫೋನಲ್ಲಿ ಮಾತಾಡಿದೀನಿ!"

ಜನರಲ್ಲಿ ಗುಜುಗುಜು ಎದ್ದಿತು. ಮೊದಮೊದಲು ಮರಿಲಮ್ಮ ತಮ್ಮ ತಾಯಿಗೆ ಫೋನು ಹಚ್ಚಿದಾಗ ಮಂಗಳಮ್ಮನಿಗೂ ಕೊಡುತ್ತಿದ್ದರು. ಆಮೇಲೆ ಅಮ್ಮನಿಗೆ ಕಿವಿ ಮಂದವಾಗಿದೆ ಎಂದು ಕೊಡುವುದನ್ನು ಬಿಟ್ಟರು. ಮಂಗಳಮ್ಮ ಮಾತ್ರ ಆ ತಾಯಿಯನ್ನು ಮರೆತಿರಲಿಲ್ಲ. ಬ್ರೆಜಿಲಿಗೆ ಯಾರು ಹೊರಟರೂ ಆ ತಾಯಿಗೆಂದು ಒಂದು ಪೊಟ್ಟಣ ಚಟ್ನಿಪುಡಿ ಕಟ್ಟಿ ಮರಿಲಮ್ಮನ ಕೈಗೆ ಕೊಡುತ್ತಿದ್ದರು. ಇದನ್ನೂ ಅವರು ಅವತ್ತು ನನ್ನ ಮೂಲಕವೇ ಎಲ್ಲರಿಗೂ ಹೆಮ್ಮೆಯಿಂದ ಹೇಳಿದರು.

ಅಲ್ಲಿಂದ ಮುಂದೆ ಮರಿಲಮ್ಮನ ನೆರವು ಬರಲಿಲ್ಲ. ಬೇಕಾಗಲೂ ಇಲ್ಲ. ಆ ಮನೆ, ಆ ನದಿ, ಬೆಳಗಿನ ಕಾಫಿಗೆ ಮುದುಕಿ ಹಾಕುವ ಕಂದು ಸಕ್ಕರೆ, ಅಂಗಳದ ಕುರುಡು ನಾಯಿ, ಎಲ್ಲವನ್ನೂ ಮಂಗಳಮ್ಮ ದೋಸೆ ಹೊಯ್ಯುತ್ತ ಕೇಳಿದ್ದರು. ಭಾಷೆ ಕೈಕೊಟ್ಟ ಕಡೆ "ಇದು ನಂಗೆ ಗೊತ್ತಾಗಲಿಲ್ಲ, ಮುಂದೆ ನೋಡೋಣ" ಎಂದು ಒಪ್ಪಿಕೊಂಡು ಮುಂದೆ ಹೋಗುತ್ತಿದ್ದರು. ಪರದೇಶದ ಮುದುಕಿ ಸೊಸೆಯಂದಿರಿಗೆ ಬೈಯುವುದನ್ನು ಕೇಳಿ ಪುಟ್ಟಗೌರಮ್ಮಜ್ಜಿ ಗಟ್ಟಿಯಾಗಿ ನಕ್ಕರು.

ಅರ್ಧ ಸಿನಿಮಾ ಕಳೆದಿರಬೇಕು. ತುರಿಯುವ ಸದ್ದು ನಿಂತಿತು. ಹಾಡೂ ನಿಂತಿತು. ಚರ್ಚಿನ ಗಂಟೆ ಬಡಿದ ಸದ್ದು, ಹಲವರು ನಿಧಾನವಾಗಿ ನಡೆಯುವ ಹೆಜ್ಜೆ. ಮಂಗಳಮ್ಮನ ಕೈ ನನ್ನ ಸುತ್ತ ಬಿಗಿಯಾಯಿತು. ಆಮೇಲೆ ನನ್ನ ಮುಖಕ್ಕೆ ಅಂಗೈ ಮುಚ್ಚಿಕೊಂಡು, ಜನರಿಗೆ ಕೇಳದ ಹಾಗೆ ಕೇಳಿದರು.

"ಮರಿಲಮ್ಮ, ಇದು ಸಿನಿಮಾಕ್ಕೆ ಅಂತ ಮಾಡಿದ್ದಾ? ನಿಜವಾ?"

ಪಕ್ಕದಿಂದ ಬಂದದ್ದು ಮೂಗು ಎಳೆದುಕೊಂಡ ಸದ್ದು.

"ಏನಾಯ್ತು ಮಂಗಳಮ್ಮ?" ಜಮಖಾನದ ಕಡೆಯಿಂದ ಯಾರೋ ಕೇಳಿದರು.

ಅಂಗೈ ಸರಿಯಿತು. "ಆ ತಾಯಿ ಹೋಗಿಬಿಟ್ಟರು" ಎಂದರು ಮಂಗಳಮ್ಮ. ಅದು ಸಿನಿಮಾ ಹೇಳುವವರ ದನಿಯಾಗಿರಲಿಲ್ಲ. ಸಾವಿನ ಸುದ್ದಿಯನ್ನು ಅವರು ಆ ಗಳಿಗೆಯಲ್ಲಿ ತಿಳಿದು ಆ ಗಳಿಗೆಯಲ್ಲೇ ದಾಟಿಸಿದ್ದರು.

ಸಿನಿಮಾ ನಿಲ್ಲಲಿಲ್ಲ. ಉಳಿದ ಹೆಂಗಸರು ಬಂದು, ಮುದುಕಿ ಅರ್ಧ ಬಿಟ್ಟಿದ್ದ ಕೆಲಸವನ್ನು ಮುಗಿಸಿದರು. ಹಾಡಿಲ್ಲದೆ ತುರಿಯುವ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ಅದಾವ್ತು ಅವರ ದನಿ ಬಂತು. ನನಗೆ ಆ ಭಾಷೆ ಬರುವುದಿಲ್ಲ. ಆದರೆ ಹಬ್ಬದ ಮೂರು ದಿನದಲ್ಲಿ ಒಂದೆರಡು ಮಾತು ನನಗೂ ಅಂಟಿಕೊಂಡಿದ್ದವು. ಅವರು ಅಕ್ಕನ ಹೆಸರು ಹೇಳಿದರು. ಆಮೇಲೆ "ನಾಂವ್ ವೇಯು" ಎಂದರು. ಸ್ವಲ್ಪ ತಡೆದು ಇನ್ನೊಂದು ಸಲ, "ನಾಂವ್ ವೇಯು." ಬರಲಿಲ್ಲ ಎಂದು ಅರ್ಥ.

ಮಂಗಳಮ್ಮನ ಉಸಿರು ಬಂದು ನನ್ನನ್ನು ತಾಗಿ, ಅರ್ಧಕ್ಕೆ ನಿಂತಿತು. ಆಮೇಲೆ ಅವರು ಹೇಳಿದರು: "ಹೋಗೋವಾಗ ಅಮ್ಮ ಅಕ್ಕನ್ನ ತುಂಬ ನೆನೆಸಿಕೊಂಡಳು, ಅಂತಾನೆ ತಮ್ಮ."

"ಅಯ್ಯೋ ಪಾಪ" ಎಂದಿತು ಜಮಖಾನ. ಬದಿಯ ಸಾಲಿನಲ್ಲಿ ಕೂತಿದ್ದ ಬ್ರೆಜಿಲಿನವರಲ್ಲಿ ಒಬ್ಬರೂ ಅಲುಗಲಿಲ್ಲ. ಅವರಿಗೆ ಮೂಲ ಮಾತು ಕೇಳಿಸಿತ್ತು.

ಸಿನಿಮಾ ಮುಗಿಯಿತು, ಕಿಟಕಿಯ ಪರದೆ ಎಳೆದ ಸದ್ದಾಯಿತು. ಆಗ ತಣ್ಣಗಿನ ಒಂದು ಕೈ ಬಂದು ಮಂಗಳಮ್ಮನ ಕೈಯಿಂದ ನನ್ನನ್ನು ಬಿಡಿಸಿಕೊಂಡಿತು. ಮರಿಲಮ್ಮ ಎದ್ದು ನಿಂತರು. ಅವರ ಕನ್ನಡ ಮಂಗಳಮ್ಮನ ಹಜಾರದಲ್ಲಿ ಕಲಿತದ್ದು, ಎಲ್ಲರನ್ನೂ ನೀನು ಎನ್ನುವ ಕನ್ನಡ.

"ಮಂಗಳ ಹೇಳಿದ್ದು ತಪ್ಪು. ಅವಳಿಗೆ ಗೊತ್ತಿಲ್ಲದೆ ತಪ್ಪು ಹೇಳಲಿಲ್ಲ. ನನಗೋಸ್ಕರ ಹೇಳಿದಳು. ನನ್ನ ತಮ್ಮ ಹೇಳಿದ್ದು, ಅಕ್ಕ ಬರಲಿಲ್ಲ ಅಂತ. ಅಮ್ಮ ಕಾಯ್ತಾ ಇದ್ದಳು, ಅಕ್ಕ ಬರಲಿಲ್ಲ ಅಂತ. ಅದು ನಿಜ."

ಪುಟ್ಟಗೌರಮ್ಮಜ್ಜಿ ಒಬ್ಬರೇ ಕೇಳಿದರು. "ಎಲ್ಲಿದ್ದೆಯವ್ವ ಆಗ?"

"ಇಲ್ಲೇ ಇದ್ದೆ ಅಜ್ಜಿ. ಆರು ವರ್ಷ ಆಯ್ತು. ಟಿಕೆಟ್ ತಗೊಂಡಿದ್ದೆ. ಹೋಗಲಿಲ್ಲ. ಭಯ ಆಯ್ತು, ಅದಕ್ಕಿಂತ ಒಳ್ಳೆ ಕಾರಣ ನನ್ನ ಹತ್ರ ಇಲ್ಲ. ಅಮ್ಮ ಹೋದ ಸುದ್ದಿ ಬಂದ ದಿನ ಬೆಳಿಗ್ಗೆ ಮಂಗಳನ ಮನೇಲಿ ದೋಸೆ ತಿಂದೆ. ಮಂಗಳ ಕೇಳಿದಳು, ಊರಲ್ಲಿ ಅಮ್ಮ ಹೇಗಿದಾರೆ? ಚೆನ್ನಾಗಿದಾರೆ ಅಂದೆ."

ಅವರು ನನ್ನನ್ನು ಮೇಜಿನ ಮೇಲಿಟ್ಟರು. ಹಬ್ಬದ ಕೊನೆಗೆ ಓದಬೇಕಾಗಿದ್ದ ವಂದನಾರ್ಪಣೆಯನ್ನು ಯಾರೂ ಓದಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹೋಗುವಾಗ ಕೆಲವರು ಮರಿಲಮ್ಮನ ಹತ್ತಿರ ನಿಂತು ಹೋದರು ಎಂದು ಹೆಜ್ಜೆಯಿಂದ ತಿಳಿಯಿತು.

ಸ್ವಿಚ್ಚು ಆರಿಸಿದರೆ ಮಾತು ಸ್ಪೀಕರಿಗೆ ಹೋಗುವುದಿಲ್ಲ ಅಷ್ಟೆ. ಪೊರೆ ನಡುಗುವುದು ನಿಲ್ಲುವುದಿಲ್ಲ. ಎಲ್ಲರೂ ಹೋದ ಮೇಲೆ ಮಂಗಳಮ್ಮ ನನ್ನ ತಂತಿ ಸುತ್ತುತ್ತಿದ್ದರು. ಮರಿಲಮ್ಮ ಇನ್ನೊಂದು ತುದಿ ಹಿಡಿದಿದ್ದರು.

"ಆರು ವರ್ಷ," ಎಂದರು ಮಂಗಳಮ್ಮ. "ಆರು ವರ್ಷ ಚಟ್ನಿಪುಡಿ ಕಟ್ಟಿಕೊಟ್ಟೆನಲ್ಲ. ಏನು ಮಾಡಿದ್ರಿ?"

"ತಿಂದೆ. ಪ್ರತಿ ಸಲ ಅಳ್ತಾ ತಿಂದೆ."

"ಖಾರಕ್ಕೆ ಅತ್ತಿರ್ತೀರ." ಮಂಗಳಮ್ಮ ತಂತಿಯನ್ನು ಅಲ್ಲೇ ಎಸೆದು ಹೊರಟುಹೋದರು.

ಆಮೇಲಿನ ಸಂಗತಿ ಸಂಘದ ಸಭೆಗಳಲ್ಲಿ ತುಂಡುತುಂಡಾಗಿ ನನ್ನ ಕಿವಿಗೆ ಬಿತ್ತು. ಮರಿಲಮ್ಮ ಎದುರು ಮನೆಗೆ ತಿಂಡಿಗೆ ಹೋಗುತ್ತಿಲ್ಲ. ಮಂಗಳಮ್ಮ ಕರೆಯುತ್ತಲೂ ಇಲ್ಲ. ಇಬ್ಬರೂ ಬೀದಿಯಲ್ಲಿ ಎದುರಾದರೆ ಒಬ್ಬರು ಹೂವಿನವಳ ಗಾಡಿಯ ಮುಂದೆ ನಿಂತು ಬೇಡದ ಹೂವು ಕೊಳ್ಳುತ್ತಾರೆ. ಇದೇ ಸಮಯಕ್ಕೆ ನನಗೂ ಕೆಡುಗಾಲ ಬಂತು. ಸಿನಿಮಾ ಹಬ್ಬಕ್ಕೆ ಬಂದ ಜನ ನೋಡಿ ಹುರುಪುಗೊಂಡ ಕಾರ್ಯದರ್ಶಿ ಹೊಸ ಸ್ಪೀಕರು, ತಂತಿಯಿಲ್ಲದ ಎರಡು ಮೈಕು ತರಿಸಿದರು. ನನ್ನ ತಂತಿ ಕಡಿದು ತಾಮ್ರ ಬೇರೆ ಮಾಡಿದರು. ಗುಜರಿಯವನ ಚೀಲಕ್ಕೆ ನನ್ನನ್ನು ಹಾಕುವಾಗ ಮಂಗಳಮ್ಮ ಅಲ್ಲಿದ್ದರು.

"ಅದು ನಂಗಿರಲಿ" ಎಂದರು.

"ಕೆಲಸ ಮಾಡಲ್ಲಮ್ಮ ಅದು."

"ಮಾಡದೇ ಇದ್ರೆ ಇರಲಿ ಬಿಡಿ."

ಹಾಗೆ ನಾನು ಅವರ ಹಜಾರದ ಗೂಡಿಗೆ ಬಂದೆ, ಲೋಟಗಳ ಪಕ್ಕಕ್ಕೆ. ಅಲ್ಲಿ ದಿನಾ ಬೆಳಿಗ್ಗೆ ನಾಲ್ಕಾರು ಭಾಷೆ, ಕಾವಲಿಯ ಚುಂಯ್ ಸದ್ದು. ಒಂದು ಬೆಳಿಗ್ಗೆ, ಎಲ್ಲರೂ ತಿಂದು ಹೋದ ಮೇಲೆ, ಗೊತ್ತಿದ್ದ ಹೆಜ್ಜೆಯೊಂದು ಬಾಗಿಲಲ್ಲಿ ನಿಂತಿತು. ಕುರ್ಚಿ ಎಳೆದ ಸದ್ದು. ಮಂಗಳಮ್ಮ ತಟ್ಟೆ ಇಟ್ಟರು. ದೋಸೆ ಹೊಯ್ಯುತ್ತ ಅವರೇ ಬಾಯಿ ತೆರೆದರು.

"ನಾನು ಸುಳ್ಳು ಹೇಳಿದ್ದು ನಿಮ್ಮ ಮಾನ ಉಳಿಸಕ್ಕೆ. ನೀವು ನಂಗೆ ಸುಳ್ಳು ಹೇಳಿದ್ದು ಯಾತಕ್ಕೆ?"

"ನೀನು ಕೇಳ್ತಾ ಇದ್ದೆ ಮಂಗಳ, ಅಮ್ಮ ಹೇಗಿದಾರೆ ಅಂತ. ಬೇರೆ ಯಾರೂ ಕೇಳ್ತಾ ಇರಲಿಲ್ಲ. ನಮ್ಮ ಬ್ರೆಜಿಲಿನವರಿಗೆಲ್ಲ ಅಮ್ಮ ಸತ್ತಿದ್ದು ಗೊತ್ತಿತ್ತು. ಈ ಮನೆಯಲ್ಲಿ ಮಾತ್ರ ಅವಳು ಇದ್ದಳು. ನಿನಗೆ ಹೇಳಿಬಿಟ್ಟರೆ ಇಲ್ಲೂ ಇರಲ್ಲ."

ಹಿಟ್ಟಿನ ಪಾತ್ರೆಯಲ್ಲಿ ಸೌಟು ನಿಂತಿತು.

"ತಣ್ಣಗಾಗತ್ತೆ, ತಿನ್ನಿ" ಎಂದರು ಮಂಗಳಮ್ಮ. ಆಮೇಲೆ ಕುರ್ಚಿ ಎಳೆದು ತಾವೂ ಎದುರಿಗೆ ಕೂತರು. ಹದಿನಾರು ವರ್ಷದಲ್ಲಿ ತಿಂಡಿಯ ಹೊತ್ತಿಗೆ ಅವರು ಹಾಗೆ ಕೂತದ್ದು ಅದೇ ಮೊದಲಂತೆ, ಮರಿಲಮ್ಮ ಹಾಗೆಂದರು. "ಅಮ್ಮ ಹೇಗೆ ಹೋದರು, ಹೇಳಿ ಈಗ. ಎಲ್ಲಾ ಹೇಳಿ." ಮರಿಲಮ್ಮ ಎರಡೂ ಭಾಷೆ ಬೆರೆಸಿ ಹೇಳಿದರು. ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಅಡುಗೆಗೆ ತಡವಾಗಿತ್ತು.

ಏಪ್ರಿಲಿನಲ್ಲಿ ಮರಿಲಮ್ಮ ಊರಿಗೆ ಹೊರಟರು. ವಾಪಸು ಯಾವಾಗ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಒಂದು ಸಂಜೆ ಫೋನು ಬಂತು. ಇಲ್ಲಿ ಕಾಫಿಯ ಹೊತ್ತು, ಅಲ್ಲಿ ಆಗ ತಾನೇ ಬೆಳಗು. ಆದರೆ ಆ ಕಡೆ ಇದ್ದದ್ದು ಮರಿಲಮ್ಮನಲ್ಲ. ಗಂಡಸಿನ ದನಿ, ಭವನದಲ್ಲಿ ಸಿನಿಮಾದ ಕೊನೆಗೆ ನಾನು ಕೇಳಿದ್ದ ಅದಾವ್ತು ಅವರ ದನಿ. ಮಂಗಳಮ್ಮ ಗಾಬರಿಯಲ್ಲಿ ಎದ್ದು ನಿಂತು ಸೆರಗು ಸರಿಮಾಡಿಕೊಂಡದ್ದು ಬಳೆಯ ಸದ್ದಿನಿಂದ ಗೊತ್ತಾಯಿತು. ಏನು ಕೇಳಬೇಕೋ ತಿಳಿಯದೆ, ಈ ಹಜಾರಕ್ಕೆ ಬಂದವರನ್ನೆಲ್ಲ ಕೇಳುವುದನ್ನೇ ಕೇಳಿದರು, ಅವರ ಭಾಷೆಯಲ್ಲಿ.

"ಜಾ ತೊಮೋ ಕಫೆ?" ತಿಂಡಿ ಆಯ್ತಾ?

ಆ ಕಡೆ ಒಂದು ನಗು. ಅವರು ನಿಧಾನವಾಗಿ, ಬಿಡಿಸಿ ಬಿಡಿಸಿ ಉತ್ತರ ಹೇಳಿದರು. ಫೋನಿಟ್ಟ ಮೇಲೆ ಮಂಗಳಮ್ಮ ಅದನ್ನು, ಎದುರಿಗೆ ಯಾರೂ ಇಲ್ಲದಿದ್ದರೂ, ಕನ್ನಡದಲ್ಲಿ ಹೇಳಿದರು.

"ಇನ್ನೂ ಇಲ್ಲವಂತೆ. ಅಕ್ಕ ನದಿ ಕಡೆ ಹೋಗಿದಾಳಂತೆ. ಬಂದ ಮೇಲೆ ಇಬ್ಬರೂ ಒಟ್ಟಿಗೆ ತಿಂತಾರಂತೆ."

ಈಗ ನನ್ನೊಳಗೆ ಏನು ನಡುಗಿದರೂ ಅದು ಎಲ್ಲಿಗೂ ಹೋಗುವುದಿಲ್ಲ. ಒಂದು ಕಾಲಕ್ಕೆ ಅದು ನನ್ನ ಕೆಲಸವಾಗಿತ್ತು, ಯಾರದೋ ಮಾತನ್ನು ದೊಡ್ಡದು ಮಾಡಿ ದೂರ ಕೂತವರಿಗೆ ಮುಟ್ಟಿಸುವುದು. ಆ ಸಂಜೆ ಮಂಗಳಮ್ಮ ಹೇಳಿದ್ದು ನನ್ನ ಹೊರತು ಯಾರಿಗೂ ಕೇಳಿಸಲಿಲ್ಲ. ಅವರು ಮೂಗು ಒರೆಸಿಕೊಂಡು, ಲೋಟ ತೊಳೆಯಲು ಒಳಗೆ ಹೋದರು.